ಪದವಿಯ ತರುವಾಯದ ವ್ಯಾಸಂಗಕ್ಕೆ ಬೇಕಾದ ಅರ್ಹತೆಗಳು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಂದೆತಾಯಿಗಳಿಗೂ ಒಂದು ವಿಷಯವನ್ನು ವಿಶದವಾಗಿ ತಿಳಿಸಬೇಕೆಂಬ ಅಭಿಲಾಷೆ ನಮಗೆ ಬಹುದಿನಗಳಿಂದ ಇದ್ದಿತು. ಈ ಸ್ಮರಣ ಸಂಚಿಕೆಯು ಅದಕ್ಕೆ ಅವಕಾಶವನ್ನು ಒದಗಿಸಿದೆ. ನಮ್ಮಲ್ಲಿ ಹೈಸ್ಕೂಲಿನ ವಿದ್ಯಾಭ್ಯಾಸವನ್ನು ಮುಗಿಸಿದ ಬಾಲಕಿಯರಲ್ಲಿ ಅನೇಕರು ಕಾಲೇಜನ್ನು ಸೇರಿ ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಪದವೀಧರೆಯರಾಗುತ್ತಿರುವುದು ನಮಗೆ ಅತ್ಯಂತ ಸಂತೋಷದ ಸಂಗತಿ. ಆದರೆ ಅಲ್ಲಿಂದ ಮುಂದೆ ವಿಶ್ವವಿದ್ಯಾನಿಲಯದಲ್ಲಿ ಎಂ.ಎ., ಎಂ.ಎಸ್‌ಸಿ. ತರಗತಿಗಳಿಗೆ ಸೇರಬೇಕಾದರೆ ಏನೇನು ಬೇಕೆಂದು ನಮ್ಮನ್ನು ವಿಚಾರಿಸಲು ಬರುವವರು, ಸಾಮಾನ್ಯವಾಗಿ, ವಿಚಾರಿಸಬೇಕಾದ ಕಾಲವು ಕಳೆದ ಮೇಲೆಯೇ ಬರುತ್ತಾರೆ. ಆದಕಾರಣ ಈ ಲೇಖನವನ್ನು ಬರೆಯುವುದು ನಮ್ಮ ಕರ್ತವ್ಯವೆಂದು ತೋರಿತು.

ಇದಕ್ಕೆ ಪ್ರೇರಣೆಯಾದ ಒಂದು ಸಂಗತಿಯನ್ನು ಮೊದಲು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಕೆಳಗೆ ಒಂದು ದಿನ ಮಧ್ಯಾಹ್ನ, ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೈಯಲ್ಲಿ ಒಂದು ಕಾಗದವನ್ನು ಹಿಡಿದುಕೊಂಡು ನಮ್ಮ ಆಫೀಸಿಗೆ ಬಂದಳು. ಆಕೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳನ್ನು ಓದಿ ಪ್ರಥಮ ದರ್ಜೆಯಲ್ಲಿ ಬಿ.ಎಸ್‌ಸಿ. ತೇರ್ಗಡೆಯಾಗಿದ್ದಳು. ಕೊನೆಯ ವರ್ಷದಲ್ಲಿ ಬೆಳೆಗಳ ಇಳುವರಿಯ ಲೆಕ್ಕಗಳನ್ನು ತಯಾರಿಸುವಾಗ ಅವಳಿಗೆ ಸಂಖ್ಯಾಶಾಸ್ತ್ರದ ರುಚಿ ಹತ್ತಿತು. ಅದರಲ್ಲಿಯೇ ಎಂ.ಎಸ್‌ಸಿ. ಮಾಡಬೇಕೆಂದು ಅರ್ಜಿ ಹಾಕಿದಳು. ಅರ್ಜಿ ತಿರಸ್ಕೃತವಾಯಿತು. ಪದವಿಯಲ್ಲಿ ಗಣಿತವನ್ನಾಗಲಿ ಸಂಖ್ಯಾಶಾಸ್ತ್ರವನ್ನಾಗಲಿ ಓದಿಲ್ಲವೆಂಬ ಒಂದೇ ಸಾಲು ಆ ಕಾಗದದಲ್ಲಿದ್ದಿತು. “ಇದು ಹತ್ತನೆಯ ತರಗತಿಯಲ್ಲಿಯೇ ಗೊತ್ತಿದ್ದರೆ ನಾನು ಗಣಿತವನ್ನು ಬಿಡುತ್ತಲೇ ಇರಲಿಲ್ಲವಲ್ಲಾ, ಟೀಚರ್” ಎಂದು ಅವಳು ಮೆಲ್ಲನೆ ಹೇಳಿದಳು.

ಗಣಿತವನ್ನು ಬಿಡಿಸಿದವರು ನಾವೇ ಎಂಬುದನ್ನು ಅವಳು ಮರೆತಿದ್ದಳೋ ಅಥವಾ ಮರ್ಯಾದೆಗಾಗಿ ಹೇಳಲಿಲ್ಲವೋ ತಿಳಿಯದು. ನಮಗಂತೂ ನೆನಪಿದ್ದಿತು. “ಗಣಿತದಲ್ಲಿ ಅಂಕಗಳು ಸ್ವಲ್ಪ ಕಡಮೆಯಾಗಿವೆ, ಪಿ.ಯು.ಸಿ.ಯಲ್ಲಿ ಅದರ ಬದಲು ಗೃಹವಿಜ್ಞಾನವನ್ನು ತೆಗೆದುಕೊಳ್ಳಲಿ, ಹೆಣ್ಣುಮಗು, ಸುಮ್ಮನೆ ಶ್ರಮವೇಕೆ?” ಎಂದು ಆಕೆಯ ತಂದೆಯವರಿಗೆ ನಮ್ಮ ಇದೇ ಮೇಜಿನ ಬಳಿ ಸಲಹೆ ಕೊಟ್ಟಿದ್ದೆವು. ಆಕೆ ಈಗ ಬಿ.ಎಡ್. ಮುಗಿಸಿ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಒಳ್ಳೆಯ ಉಪಾಧ್ಯಾಯಿನಿಯೆಂದು ಹೆಸರು ಪಡೆದಿದ್ದಾಳೆ. ಆದರೂ ಅವಳು ಬಯಸಿದ ಬಾಗಿಲು ಮುಚ್ಚಿದುದು ವಿಶ್ವವಿದ್ಯಾನಿಲಯದಲ್ಲಿ ಅಲ್ಲ, ಐದು ವರ್ಷ ಮೊದಲೇ ನಮ್ಮ ಶಾಲೆಯಲ್ಲಿ ಎಂಬ ವ್ಯಥೆಯು ನಮ್ಮನ್ನು ಬಿಟ್ಟಿಲ್ಲ.

ಹಿಂದಿನ ಕಾಲದಲ್ಲಿ ಹೆಣ್ಣುಮಕ್ಕಳು ಉಚ್ಚ ವ್ಯಾಸಂಗಕ್ಕೆ ಅನರ್ಹರಾಗಲು ಬೇರೆ ಕಾರಣವೇ ಬೇಕಾಗಿರಲಿಲ್ಲ, ಹೆಣ್ಣಾಗಿರುವುದೇ ಸಾಕಾಗಿದ್ದಿತು. ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾನಿಲಯಗಳು ೧೮೫೭ರಲ್ಲಿ ಸ್ಥಾಪಿತವಾದಾಗ ಅವುಗಳ ನಿಯಮಗಳಲ್ಲಿ ಸ್ತ್ರೀಯರ ಮಾತೇ ಇರಲಿಲ್ಲ. ಬಂಗಾಳದ ಕ್ರೈಸ್ತ ಕುಟುಂಬದ ಚಂದ್ರಮುಖಿ ಬಸು ಅವರು ೧೮೭೬ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಗೆ ಕುಳಿತುಕೊಳ್ಳಲು ಅನುಮತಿಯನ್ನು ಪಡೆದರು. ಆದರೆ ತೇರ್ಗಡೆಯಾದವರ ಪಟ್ಟಿಯಲ್ಲಿ ಅವರ ಹೆಸರು ಸೇರಲಿಲ್ಲ. ೧೮೭೮ರಲ್ಲಿ ನಿಯಮವು ಬದಲಾಯಿತು. ೧೮೮೩ರಲ್ಲಿ ಅವರೂ ಕಾದಂಬಿನಿ ಗಂಗೂಲಿಯವರೂ ಪದವಿಯನ್ನು ಪಡೆದರು. ಮರುವರ್ಷ, ಅಂದರೆ ೧೮೮೪ರಲ್ಲಿ, ಚಂದ್ರಮುಖಿ ಬಸು ಅವರು ಎಂ.ಎ. ಪರೀಕ್ಷೆಯಲ್ಲಿಯೂ ಉತ್ತೀರ್ಣರಾದರು. ಪದವಿಯ ಮುಂದಿನ ವ್ಯಾಸಂಗದ ಬಾಗಿಲನ್ನು ಭಾರತದ ಸ್ತ್ರೀಯೊಬ್ಬರು ತೆರೆದುದು ಹೀಗೆ.

ನಾಸಿಕದಲ್ಲಿ ಹುಟ್ಟಿದ ಕೊರ್ನೇಲಿಯಾ ಸೊರಾಬ್ಜಿಯವರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ, ಅಂಕಗಳ ಬಲದಿಂದ ಇಂಗ್ಲೆಂಡಿನ ವ್ಯಾಸಂಗಕ್ಕೆ ವಿದ್ಯಾರ್ಥಿವೇತನವನ್ನು ಪಡೆಯತಕ್ಕವರಾಗಿದ್ದರು. ಸ್ತ್ರೀಯೆಂಬ ಕಾರಣದಿಂದ ಅದು ಅವರಿಗೆ ದೊರೆಯಲಿಲ್ಲ. ಹಿತೈಷಿಗಳು ಕೂಡಿಸಿದ ಹಣದಿಂದ ಆಕ್ಸ್‌ಫರ್ಡಿಗೆ ಹೋಗಿ ೧೮೯೨ರಲ್ಲಿ ನ್ಯಾಯಶಾಸ್ತ್ರದ ಉಚ್ಚ ಪರೀಕ್ಷೆಯನ್ನು ಕೊಟ್ಟರು. ಆ ವಿಶ್ವವಿದ್ಯಾನಿಲಯವು ಸ್ತ್ರೀಯರಿಗೆ ಪದವಿ ಕೊಡಲು ಒಪ್ಪಿದುದು ೧೯೨೦ರಲ್ಲಿ. ಆಕೆಯ ಪದವಿ ಆಕೆಯ ಕೈಗೆ ಬಂದುದು ೧೯೨೨ರಲ್ಲಿ. ಮೂವತ್ತು ವರ್ಷಗಳ ಕಾಲ ಪರೀಕ್ಷೆ ಇದ್ದಿತು, ಪದವಿ ಇರಲಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾನಿಲಯವಂತೂ ೧೯೪೮ರವರೆಗೆ ಸ್ತ್ರೀಯರಿಗೆ ಪೂರ್ಣ ಪದವಿಯನ್ನು ಕೊಡಲಿಲ್ಲ.

ನಮ್ಮ ಬೆಂಗಳೂರಿನ ಕಥೆಯೂ ಇದಕ್ಕಿಂತ ಬಹಳ ಬೇರೆಯಾಗಿಲ್ಲ. ೧೯೩೩ರಲ್ಲಿ ಬೊಂಬಾಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ.ಯಲ್ಲಿ ಮೊದಲಿಗರಾಗಿ ಬಂದ ಕಮಲಾ ಸೊಹೊನಿಯವರು (ಆಗಿನ್ನೂ ಕಮಲಾ ಭಾಗವತ್) ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಅದರ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ನರು ಸ್ತ್ರೀಯೆಂಬ ಕಾರಣದಿಂದ ಅದನ್ನು ನಿರಾಕರಿಸಿದರು. ಆಕೆ ಹಿಮ್ಮೆಟ್ಟಲಿಲ್ಲ. ಕಡೆಗೆ ಒಂದು ವರ್ಷದ ಪರೀಕ್ಷಾವಧಿಯ ಮೇಲೆ, ಕೆಲವು ಷರತ್ತುಗಳೊಡನೆ ಪ್ರವೇಶ ದೊರೆಯಿತು. ಆಕೆಯ ಕೆಲಸವನ್ನು ಕಂಡ ಮೇಲೆ ರಾಮನ್ನರೇ ಮನಸ್ಸನ್ನು ಬದಲಾಯಿಸಿ ಸ್ತ್ರೀಯರನ್ನು ಸೇರಿಸಿಕೊಳ್ಳಲು ಒಪ್ಪಿದರು. ಸೊಹೊನಿಯವರು ೧೯೩೬ರಲ್ಲಿ ಎಂ.ಎಸ್‌ಸಿ. ಪದವಿಯನ್ನೂ ೧೯೩೯ರಲ್ಲಿ ಕೇಂಬ್ರಿಜ್ಜಿನಲ್ಲಿ ಪಿಎಚ್.ಡಿ.ಯನ್ನೂ ಗಳಿಸಿದರು.

ಇವೆಲ್ಲ ಬರೆಯದೆ ಇದ್ದ ನಿಯಮಗಳ ಫಲ. ಆದರೆ ಬರೆದ ನಿಯಮವೂ ಎಷ್ಟು ಕಠಿಣವಾಗಬಹುದೆಂಬುದನ್ನು ಅನ್ನಾ ಮಣಿಯವರ ಜೀವನದಿಂದ ಕಲಿಯಬೇಕು. ತಿರುವಾಂಕೂರಿನ ಪೀರ್ಮೇಡಿನಲ್ಲಿ ೧೯೧೮ರಲ್ಲಿ ಹುಟ್ಟಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎಸ್‌ಸಿ. ಆನರ್ಸ್ ಮುಗಿಸಿ, ವಿದ್ಯಾರ್ಥಿವೇತನದೊಡನೆ ೧೯೪೦ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದು, ವಜ್ರ ಮತ್ತು ಮಾಣಿಕ್ಯಗಳ ಬೆಳಕಿನ ವಿಷಯದಲ್ಲಿ ರಾಮನ್ನರ ಪ್ರಯೋಗಶಾಲೆಯಲ್ಲಿ ಐದು ವರ್ಷ ದುಡಿದು, ಐದು ಸಂಶೋಧನಾ ಲೇಖನಗಳನ್ನು ಪ್ರಕಟಿಸಿ, ಪ್ರೌಢಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಎಂ.ಎಸ್‌ಸಿ. ಪದವಿ ಇಲ್ಲದವರಿಗೆ ಪಿಎಚ್.ಡಿ. ಇಲ್ಲವೆಂದು ಉತ್ತರ ಬಂದಿತು. ಅವರು ಧೃತಿಗೆಡದೆ ೧೯೪೫ರಲ್ಲಿ ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳ ವಿದ್ಯೆಯನ್ನು ಕಲಿತು ಬಂದು, ನಮ್ಮ ದೇಶದ ಹವಾಮಾನ ಇಲಾಖೆಯಲ್ಲಿ ಅತ್ಯುನ್ನತ ಸೇವೆಯನ್ನು ಸಲ್ಲಿಸಿದರು. ಆದರೆ ಪಿಎಚ್.ಡಿ. ಪದವಿ ಅವರಿಗೆ ಕೊನೆಗೂ ಬರಲಿಲ್ಲ. ಯೋಗ್ಯತೆ ಬೇರೆ, ಅರ್ಹತೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. ಯೋಗ್ಯತೆಯನ್ನು ದುಡಿದು ಗಳಿಸಬೇಕು. ಅರ್ಹತೆಯನ್ನು ಮೊದಲೇ ತಿಳಿದು ಸಂಪಾದಿಸಿಕೊಳ್ಳಬೇಕು.

ಈ ದಿನ ಸ್ತ್ರೀಯೆಂಬ ಕಾರಣದಿಂದ ಪ್ರವೇಶವನ್ನು ನಿರಾಕರಿಸುವ ವಿಶ್ವವಿದ್ಯಾನಿಲಯ ನಮ್ಮ ದೇಶದಲ್ಲಿಲ್ಲ. ಉಳಿದಿರುವುವು ಬರೆದ ನಿಯಮಗಳು ಮಾತ್ರ. ಅವುಗಳನ್ನು ನಾಲ್ಕು ಭಾಗಗಳಾಗಿ ವಿಂಗಡಿಸಿ ಹೇಳಬಹುದು: ಓದಿದ ವಿಷಯ, ಪಡೆದ ಅಂಕ, ಪ್ರವೇಶ ಪರೀಕ್ಷೆ, ದಾಖಲೆಪತ್ರಗಳು.

ಮೊದಲನೆಯದು ಓದಿದ ವಿಷಯ. ಎಂ.ಎಸ್‌ಸಿ. ತರಗತಿಗಳಿಗೆ ಆಯಾ ವಿಷಯವನ್ನೇ, ಅಥವಾ ನಿಯಮದಲ್ಲಿ ಹೆಸರಿಸಿದ ಸಮೀಪದ ವಿಷಯವನ್ನು, ಪದವಿಯಲ್ಲಿ ಓದಿರಬೇಕು. ಭೌತಶಾಸ್ತ್ರಕ್ಕೆ ಸೇರುವವರಿಗೆ ಅದರ ಜೊತೆಗೆ ಗಣಿತವನ್ನೂ ಅನೇಕ ಕಡೆಗಳಲ್ಲಿ ಕೇಳುತ್ತಾರೆ. ಕಲಾ ವಿಭಾಗದಲ್ಲಿ ನಿಯಮವು ಸ್ವಲ್ಪ ಸಡಿಲ, ಕೆಲವು ಎಂ.ಎ. ತರಗತಿಗಳಿಗೆ ಯಾವ ಪದವೀಧರೆಯಾದರೂ ಅರ್ಜಿ ಹಾಕಬಹುದು. ಸಮಾಜಕಾರ್ಯ, ಗ್ರಂಥಾಲಯ ವಿಜ್ಞಾನ, ಎಂ.ಬಿ.ಎ. ಮುಂತಾದುವಕ್ಕೂ ಪದವಿಯ ವಿಷಯವನ್ನು ಸಾಮಾನ್ಯವಾಗಿ ಎಣಿಸುವುದಿಲ್ಲ. ಇಲ್ಲಿ ತಂದೆತಾಯಿಗಳು ಗಮನಿಸತಕ್ಕ ಅಂಶವೊಂದಿದೆ. ಪಿ.ಯು.ಸಿ.ಯಲ್ಲಿ ಕಲಾ ವಿಭಾಗವನ್ನು ತೆಗೆದುಕೊಂಡವಳು ವಿಜ್ಞಾನದ ಪದವಿಗೆ ಸೇರುವುದು ಕಷ್ಟ. ವಿಜ್ಞಾನವನ್ನು ಓದಿದವಳು ಕಲಾ ವಿಭಾಗಕ್ಕೆ ಬರುವುದು ಸುಲಭ. ಗಣಿತವನ್ನು ಬಿಟ್ಟವಳಿಗೆ ಅದು ಮರಳಿ ದೊರೆಯುವುದು ದುರ್ಲಭ. ಇಟ್ಟುಕೊಂಡವಳು ಯಾವಾಗ ಬೇಕಾದರೂ ಬಿಡಬಹುದು. ಆದುದರಿಂದ ಎಂ.ಎಸ್‌ಸಿ.ಯ ಮೊದಲ ಅರ್ಜಿಯು ವಾಸ್ತವವಾಗಿ ಹತ್ತನೆಯ ತರಗತಿಯ ಬೇಸಗೆಯ ರಜೆಯಲ್ಲಿ ಬರೆಯಲ್ಪಡುತ್ತದೆ.

ಎರಡನೆಯದು ಅಂಕ. ಪದವಿಯಲ್ಲಿ ಬರಿಯ ತೇರ್ಗಡೆ ಸಾಲದು. ಸಾಮಾನ್ಯವಾಗಿ ಶೇಕಡಾ ೪೫ ಅಥವಾ ೫೦ ಅಂಕಗಳನ್ನು ಕನಿಷ್ಠವೆಂದು ಗೊತ್ತುಮಾಡಿರುತ್ತಾರೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ ಇದರಲ್ಲಿ ರಿಯಾಯಿತಿ ಉಂಟು. ಈ ಶೇಕಡಾವಾರು ಒಟ್ಟು ಅಂಕಗಳದೋ ಅಥವಾ ಆಯ್ದ ವಿಷಯದ್ದೋ ಎಂಬುದನ್ನು ಚೆನ್ನಾಗಿ ಓದಿ ನೋಡಬೇಕು, ಎರಡಕ್ಕೂ ವ್ಯತ್ಯಾಸವಿದೆ. ಒಟ್ಟಿನಲ್ಲಿ ಪ್ರಥಮ ದರ್ಜೆ ಬಂದಿದ್ದರೂ ಬೇಕಾದ ವಿಷಯದಲ್ಲಿ ಅಂಕ ಕಡಮೆಯಾಗಿದ್ದರೆ ಅರ್ಜಿ ನಿಲ್ಲುವುದಿಲ್ಲ. ಕನಿಷ್ಠ ಅಂಕವು ಅರ್ಜಿ ಹಾಕುವ ಹಕ್ಕನ್ನು ಮಾತ್ರ ಕೊಡುತ್ತದೆ, ಸ್ಥಾನವನ್ನು ಕೊಡುವುದಿಲ್ಲ ಎಂಬುದೂ ನೆನಪಿನಲ್ಲಿರಲಿ. ಮೊದಲ ಸೆಮಿಸ್ಟರಿನ ಅಂಕಗಳೂ ಕೊನೆಯ ಲೆಕ್ಕದಲ್ಲಿ ಸೇರುವುದರಿಂದ, ಕಾಲೇಜಿನ ಮೊದಲ ವರ್ಷವನ್ನು ಹಗುರವಾಗಿ ಕಾಣುವುದು ತಪ್ಪು.

ಮೂರನೆಯದು ಪ್ರವೇಶ ಪರೀಕ್ಷೆ. ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಎಂ.ಎ., ಎಂ.ಎಸ್‌ಸಿ. ಮುಂತಾದ ತರಗತಿಗಳಿಗೆ ೨೦೨೨ರಿಂದ ಸಿ.ಯು.ಇ.ಟಿ. (ಪಿ.ಜಿ.) ಎಂಬ ಸಾಮಾನ್ಯ ಪರೀಕ್ಷೆ ನಡೆಯುತ್ತಿದೆ. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾನಿಲಯಕ್ಕೂ ಇದರ ಮೂಲಕವೇ ಪ್ರವೇಶ. ಐ.ಐ.ಟಿ.ಗಳಲ್ಲಿ ಎಂ.ಎಸ್‌ಸಿ. ಓದಬಯಸುವವರು ಜಾಮ್ ಎಂಬ ಪರೀಕ್ಷೆಯನ್ನು ಕೊಡಬೇಕು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಜೈವಿಕ ತಂತ್ರಜ್ಞಾನ, ಗಣಿತೀಯ ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ಎಂಬ ಏಳು ವಿಷಯಗಳಲ್ಲಿ, ಮೂರು ಗಂಟೆಗಳ ಅವಧಿಯಲ್ಲಿ, ೧೦೦ ಅಂಕಗಳಿಗೆ ಅದು ನಡೆಯುತ್ತದೆ. ನಮ್ಮ ರಾಜ್ಯದಲ್ಲಿ ಎಂ.ಬಿ.ಎ., ಎಂ.ಸಿ.ಎ., ಎಂ.ಟೆಕ್. ತರಗತಿಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪಿ.ಜಿ.ಸಿ.ಇ.ಟಿ. ಪರೀಕ್ಷೆಯನ್ನು ನಡೆಸುತ್ತದೆ. ರಾಜ್ಯದ ವಿಶ್ವವಿದ್ಯಾನಿಲಯಗಳ ಎಂ.ಎ., ಎಂ.ಎಸ್‌ಸಿ.ಗಳಲ್ಲಿ ಕೆಲವಕ್ಕೆ ಪದವಿಯ ಅಂಕಗಳೇ ಆಧಾರ, ಕೆಲವಕ್ಕೆ ಪ್ರತ್ಯೇಕ ಪರೀಕ್ಷೆ. ಆಯಾ ವರ್ಷದ ಪ್ರಕಟಣೆಯನ್ನು ನೋಡಿಯೇ ನಿಶ್ಚಯಿಸಿಕೊಳ್ಳಬೇಕು.

ಇಲ್ಲಿ ಅತ್ಯಂತ ಮುಖ್ಯವಾದುದು ಕಾಲ. ಜಾಮ್ ಪರೀಕ್ಷೆ ನಡೆಯುವುದು ಫೆಬ್ರವರಿಯಲ್ಲಿ. ಅದಕ್ಕೆ ಅರ್ಜಿ ಕರೆಯುವುದು ಹಿಂದಿನ ಸೆಪ್ಟೆಂಬರಿನ ಸುಮಾರಿಗೆ. ಸಿ.ಯು.ಇ.ಟಿ. (ಪಿ.ಜಿ.) ಪರೀಕ್ಷೆಯು ೨೦೨೪ ಮತ್ತು ೨೦೨೫ರಲ್ಲಿ ಮಾರ್ಚಿ ತಿಂಗಳಲ್ಲಿ ನಡೆಯಿತು. ಕೊನೆಯ ವರ್ಷದಲ್ಲಿ ಓದುತ್ತಿರುವವರೂ ಇವುಗಳಿಗೆ ಕುಳಿತುಕೊಳ್ಳಬಹುದು. “ಮೊದಲು ಡಿಗ್ರಿ ಮುಗಿಯಲಿ, ಆಮೇಲೆ ನೋಡೋಣ” ಎಂದು ಮನೆಯಲ್ಲಿ ಹಿರಿಯರು ಹೇಳುವ ಮಾತು ಕೇಳುವುದಕ್ಕೆ ವಿವೇಕದ ಮಾತಿನಂತಿದೆ. ಆದರೆ ಡಿಗ್ರಿ ಮುಗಿಯುವ ಹೊತ್ತಿಗೆ ಈ ಪರೀಕ್ಷೆಗಳು ಮುಗಿದಿರುತ್ತವೆ. ಆಮೇಲೆ ನೋಡುವುದೆಂದರೆ ಒಂದು ವರ್ಷ ಮನೆಯಲ್ಲಿ ಕುಳಿತಿರುವುದೆಂದೇ ಅರ್ಥ. ಗಂಡುಮಗನ ಒಂದು ವರ್ಷ ಹೋದರೆ ಒಂದು ವರ್ಷ ಮಾತ್ರ ಹೋಗುತ್ತದೆ. ಹೆಣ್ಣುಮಗಳು ಒಂದು ವರ್ಷ ಮನೆಯಲ್ಲಿ ಕುಳಿತರೆ, ನೆಂಟರಿಷ್ಟರು ಸುಮ್ಮನಿರುವುದಿಲ್ಲ. ಮುಂದಿನ ವರ್ಷದ ಅರ್ಜಿಯ ಮಾತು ಅಲ್ಲಿಗೇ ನಿಂತುಹೋಗುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ.

ನಾಲ್ಕನೆಯದು ದಾಖಲೆಪತ್ರಗಳು. ಎಲ್ಲಾ ಸೆಮಿಸ್ಟರುಗಳ ಅಂಕಪಟ್ಟಿಗಳು, ಪದವಿಯ ಪ್ರಾವಿಷನಲ್ ಸರ್ಟಿಫಿಕೇಟು, ಕಾಲೇಜಿನ ವರ್ಗಾವಣೆ ಪತ್ರ, ಬೇರೊಂದು ವಿಶ್ವವಿದ್ಯಾನಿಲಯಕ್ಕೆ ಹೋಗುವುದಾದರೆ ಮೈಗ್ರೇಷನ್ ಸರ್ಟಿಫಿಕೇಟು, ಮೀಸಲಾತಿಯನ್ನು ಕೇಳುವವರಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು, ಕಲ್ಯಾಣ ಕರ್ನಾಟಕದ ಜಿಲ್ಲೆಗಳವರಿಗೆ ಸಂವಿಧಾನದ ೩೭೧ (ಜೆ) ಅನುಚ್ಛೇದದ ಅರ್ಹತಾ ಪತ್ರ, ಇವು ಮುಖ್ಯವಾದುವು. ಇವುಗಳನ್ನು ಕರೆ ಬಂದ ಮೇಲೆ ಹುಡುಕತಕ್ಕದ್ದಲ್ಲ. ನಾವೇ ಎಂ.ಎ.ಗೆ ಸೇರುವ ವರ್ಷದಲ್ಲಿ ಒಂದು ಸರ್ಟಿಫಿಕೇಟಿಗಾಗಿ ಹನ್ನೊಂದು ದಿನ ಬಸ್ಸಿನಲ್ಲಿ ಅಲೆದು, ಕಡೆಯ ದಿನದ ಸಂಜೆ ನಾಲ್ಕು ಗಂಟೆಗೆ ಅದನ್ನು ಒಪ್ಪಿಸಿದೆವು. ಅಂದು ಬಸ್ಸು ಅರ್ಧ ಗಂಟೆ ತಡವಾಗಿದ್ದರೆ ಈ ಲೇಖನವನ್ನು ಬರೆಯುವವರು ಬೇರೆಯವರಾಗಿರುತ್ತಿದ್ದರು.

ಹೆಸರಿನ ವಿಷಯದಲ್ಲಿ ವಿಶೇಷವಾದ ಎಚ್ಚರಿಕೆ ಬೇಕು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಪದವಿಯ ಅಂಕಪಟ್ಟಿಯಲ್ಲಿ ಹಿಂದೆ; ಆಧಾರ್ ಚೀಟಿಯಲ್ಲಿ ತಂದೆಯ ಪೂರ್ಣ ಹೆಸರು; ಮದುವೆಯಾದ ಮೇಲೆ ಪತಿಯ ಮನೆತನದ ಹೆಸರು. ಹೀಗೆ ಒಬ್ಬಳೇ ಹುಡುಗಿ ಕಾಗದದ ಮೇಲೆ ನಾಲ್ವರಾಗಿ ನಿಲ್ಲುತ್ತಾಳೆ. ಎಸ್.ಎಸ್.ಎಲ್.ಸಿ.ಯ ಹೆಸರು ಮತ್ತು ಹುಟ್ಟಿದ ದಿನಾಂಕ ನಮ್ಮ ಶಾಲೆಯ ದಾಖಲಾತಿ ಪುಸ್ತಕದಿಂದ ಹೋಗುತ್ತವೆ. ಪರೀಕ್ಷೆಯ ಅರ್ಜಿಯನ್ನು ತುಂಬುವ ಮುನ್ನ ನಾವು ಮನೆಗೆ ಕಳುಹಿಸುವ ಚೀಟಿಯನ್ನು ದಯವಿಟ್ಟು ಅಕ್ಷರ ಅಕ್ಷರವಾಗಿ ಓದಿ ಸಹಿ ಮಾಡಿರಿ. ಓದದೆ ಮಾಡಿದ ಸಹಿಯ ಫಲವು ಏಳೆಂಟು ವರ್ಷಗಳ ತರುವಾಯ ತಲೆದೋರುತ್ತದೆ.

ಪಿಎಚ್.ಡಿ.ಯ ನಿಯಮಗಳು ೨೦೨೨ರಲ್ಲಿ ಬದಲಾದುವು. ಎಂ.ಎ. ಅಥವಾ ಎಂ.ಎಸ್‌ಸಿ.ಯಲ್ಲಿ ಶೇಕಡಾ ೫೫ ಅಂಕಗಳನ್ನು, ಅಥವಾ ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ ೭೫ ಅಂಕಗಳನ್ನು ಪಡೆದವರು ಅರ್ಜಿ ಹಾಕಬಹುದು. ಪರಿಶಿಷ್ಟ ವರ್ಗಗಳು, ಹಿಂದುಳಿದ ವರ್ಗಗಳು, ಅಂಗವಿಕಲರು ಮುಂತಾದವರಿಗೆ ಶೇಕಡಾ ೫ರ ರಿಯಾಯಿತಿ ಇದೆ. ನಮ್ಮ ರಾಜ್ಯದಲ್ಲಿ ೨೦೨೧-೨೨ರಲ್ಲಿ ನಾಲ್ಕು ವರ್ಷದ ಪದವಿಯ ಏರ್ಪಾಡು ಬಂದಿದ್ದರೂ, ೨೦೨೪-೨೫ರಿಂದ ಸೇರಿದವರಿಗೆ ಪುನಃ ಮೂರು ವರ್ಷದ ಪದವಿಯೇ ಬಂದಿರುವುದರಿಂದ, ಅವರು ಸಂಶೋಧನೆಗೆ ಹೋಗಬೇಕಾದರೆ ಎರಡು ವರ್ಷದ ಎಂ.ಎ., ಎಂ.ಎಸ್‌ಸಿ.ಯನ್ನು ಮುಗಿಸಲೇಬೇಕು. ಪಿಎಚ್.ಡಿ.ಯ ಅವಧಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಸ್ತ್ರೀಯರಿಗೆ ಇದರ ಮೇಲೆ ಎರಡು ವರ್ಷಗಳ ಅವಕಾಶವೂ, ಹೆರಿಗೆ ಮತ್ತು ಶಿಶುಪಾಲನೆಗಾಗಿ ೨೪೦ ದಿನಗಳವರೆಗೆ ರಜೆಯೂ ಉಂಟು. ಮದುವೆಯಾದೊಡನೆ ವ್ಯಾಸಂಗ ಮುಗಿಯಿತೆಂದು ಭಾವಿಸುವವರು ಈ ನಿಯಮವನ್ನು ಓದಬೇಕು. ಒಂದು ಕಾಲದಲ್ಲಿ ಸ್ತ್ರೀಯ ಹೆಸರನ್ನೇ ಕಾಣದ ನಿಯಮಗಳ ಪುಸ್ತಕದಲ್ಲಿ ಈಗ ತಾಯಿಗೂ ಸ್ಥಾನ ದೊರೆತಿದೆ.

ಹೊರದೇಶಕ್ಕೆ ಹೋಗುವವರಿಗೆ ಒಂದು ಮಾತು. ಇಂಗ್ಲೆಂಡಿನ ವಿಶ್ವವಿದ್ಯಾನಿಲಯಗಳು ಸಾಮಾನ್ಯವಾಗಿ ನಮ್ಮ ಮೂರು ವರ್ಷದ ಪದವಿಯನ್ನು ಒಪ್ಪುತ್ತವೆ. ಅಮೆರಿಕದಲ್ಲಿ ಅನೇಕ ವಿಶ್ವವಿದ್ಯಾನಿಲಯಗಳು ನಾಲ್ಕು ವರ್ಷದ ಪದವಿಯನ್ನು, ಅಂದರೆ ಒಟ್ಟು ಹದಿನಾರು ವರ್ಷಗಳ ವಿದ್ಯಾಭ್ಯಾಸವನ್ನು, ಅಪೇಕ್ಷಿಸುತ್ತವೆ. ಇಂಗ್ಲಿಷ್ ಭಾಷೆಯ ಪರೀಕ್ಷೆ, ವ್ಯಾಸಂಗದ ಉದ್ದೇಶವನ್ನು ತಿಳಿಸುವ ಸ್ವಹಸ್ತದ ಲೇಖನ, ಅಧ್ಯಾಪಕರ ಶಿಫಾರಸು ಪತ್ರಗಳು ಬೇಕಾಗುತ್ತವೆ. ಶಿಫಾರಸು ಪತ್ರವು ಅಧ್ಯಾಪಕರು ಹುಡುಗಿಯನ್ನು ಬಲ್ಲವರಾಗಿದ್ದರೆ ಮಾತ್ರ ಬೆಲೆಯುಳ್ಳದ್ದಾಗುತ್ತದೆ. ತರಗತಿಯ ಕೊನೆಯ ಬೆಂಚಿನಲ್ಲಿ ಮೂರು ವರ್ಷ ಮೌನವಾಗಿ ಕುಳಿತವಳ ವಿಷಯವಾಗಿ ಅವರು ಏನು ಬರೆದಾರು? ವಿನಯವು ಭೂಷಣವೇ ಸರಿ. ಪ್ರಶ್ನೆಯನ್ನು ಕೇಳದಿರುವುದು ವಿನಯವಲ್ಲ. ಬೆಂಗಳೂರಿನ ರಾಜೇಶ್ವರಿ ಚಟರ್ಜಿಯವರು ಮೈಸೂರು ವಿಶ್ವವಿದ್ಯಾನಿಲಯದ ಗಣಿತದ ಎಂ.ಎಸ್‌ಸಿ. ಪದವಿಯೊಡನೆ ೧೯೪೭ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ೧೯೫೩ರಲ್ಲಿ ಪಿಎಚ್.ಡಿ. ಪಡೆದು ಬಂದು, ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾದರು. ನಮ್ಮ ನಾಡಿನ ಹುಡುಗಿಯೊಬ್ಬಳು ಹಡಗಿನಲ್ಲಿ ಕ್ರಮಿಸಿದ ದೂರವನ್ನು ನಮ್ಮ ಹುಡುಗಿಯರು ಇಂದು ದೊಡ್ಡದೆಂದು ಭಾವಿಸಬೇಕಾಗಿಲ್ಲ.

ಗೃಹಕೃತ್ಯದಲ್ಲಿ ನಿರತರಾದ ಹಳೆಯ ವಿದ್ಯಾರ್ಥಿನಿಯರು ತಮಗೆ ಕಾಲ ಮೀರಿತೆಂದು ನಿರಾಶರಾಗುವ ಕಾರಣವಿಲ್ಲ. ೧೯೮೫ರಲ್ಲಿ ಸ್ಥಾಪಿತವಾದ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವೂ, ೧೯೯೬ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಮನೆಯಲ್ಲಿಯೇ ಓದಿ ಎಂ.ಎ. ಪದವಿಯನ್ನು ಪಡೆಯುವ ಸೌಕರ್ಯವನ್ನು ಒದಗಿಸಿವೆ. ಬಹಳ ವರ್ಷಗಳ ಹಿಂದೆ ಪದವಿ ಪಡೆದವರೂ ಅಲ್ಲಿ ಸೇರಬಹುದು, ವಯಸ್ಸು ಅಡ್ಡಿಯಲ್ಲ.

ಇಷ್ಟನ್ನು ಹೇಳಿ, ನಮ್ಮ ಶಾಲೆಯ ವತಿಯಿಂದ ಒಂದು ಸಂಕಲ್ಪವನ್ನು ತಿಳಿಸುತ್ತೇವೆ. ಈ ವರ್ಷದಿಂದ ಹತ್ತನೆಯ ತರಗತಿಯ ಯಾವ ಬಾಲಕಿಗೂ ಯಾವ ವಿಷಯವನ್ನೂ ಬಿಡಬೇಕೆಂದು ಹೇಳುವುದಕ್ಕೆ ಮೊದಲು, ಅದನ್ನು ಬಿಟ್ಟರೆ ಮುಂದೆ ಮುಚ್ಚುವ ಬಾಗಿಲುಗಳಾವುವು ಎಂಬುದನ್ನು ಅವಳಿಗೂ ಅವಳ ತಂದೆತಾಯಿಗಳಿಗೂ ಬರಹದಲ್ಲಿ ತಿಳಿಸುತ್ತೇವೆ. ಜನವರಿ ತಿಂಗಳ ಶನಿವಾರಗಳ ಮಧ್ಯಾಹ್ನ ನಮ್ಮ ಆಫೀಸು ಹಳೆಯ ವಿದ್ಯಾರ್ಥಿನಿಯರಿಗಾಗಿ ತೆರೆದಿರುತ್ತದೆ. ಅರ್ಜಿಗಳನ್ನು ತುಂಬುವುದರಲ್ಲಿ ನಮ್ಮ ಉಪಾಧ್ಯಾಯಿನಿಯರು ನೆರವಾಗುವರು. ಎಂ.ಎ., ಎಂ.ಎಸ್‌ಸಿ., ಪಿಎಚ್.ಡಿ. ಮಾಡಿದ ಹಳೆಯ ವಿದ್ಯಾರ್ಥಿನಿಯರು ತಾವು ಹೋದ ದಾರಿಯನ್ನು, ವಿಶೇಷವಾಗಿ ಎಡವಿದ ಸ್ಥಳವನ್ನು, ನಮಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ. ಅಂದು ಕಾಗದವನ್ನು ಹಿಡಿದು ಬಂದ ಆ ವಿದ್ಯಾರ್ಥಿನಿಯ ಅನುಮತಿಯನ್ನು ಪಡೆದೇ ಆಕೆಯ ಸಂಗತಿಯನ್ನು ಇಲ್ಲಿ ಬರೆದಿದ್ದೇವೆ. “ಖಂಡಿತ ಬರೆಯಿರಿ, ಟೀಚರ್, ನನ್ನ ತಂಗಿಯ ಮಗಳು ಈ ಸಲ ಎಂಟನೆಯ ತರಗತಿಗೆ ನಿಮ್ಮಲ್ಲಿಗೇ ಬರುತ್ತಾಳೆ” ಎಂದು ಆಕೆ ಉತ್ತರವಿತ್ತಳು. ಆ ಬಾಲಕಿಗೆ ಗಣಿತವನ್ನು ನಾವೇ ಪಾಠ ಹೇಳುವುದೆಂದು ನಿಶ್ಚಯಿಸಿದ್ದೇವೆ.